ಎಂಟಿದ್ದದ್ದು ಹದಿಮೂರು

ಮಂಗಳವಾರ ಎಂಟಿತ್ತು, ಶುಕ್ರವಾರಕ್ಕೆ ಹದಿಮೂರಾಗಿತ್ತು.

ಕಿವಿಯಕ್ಕ ರೆಕಾರ್ಡಿನ ಮೇಲಿನ ಸೂಜಿಯನ್ನೆತ್ತಿ ಮತ್ತೆ ಅದೇ ಜಾಗದಲ್ಲಿ ಇಳಿಸಿದಳು. ಧಬಧಬ ಬಡಿಯುತ್ತಿದ್ದ ಬೀಟೆಲ್ಲ ತಟ್ಟನೆ ನಿಂತು, ದೂರದಿಂದ ಬೀಸುವ ಗಾಳಿಯಂಥ ನಾದವೊಂದೇ ಉಳಿಯುವ ಜಾಗ ಅದು. ಆ ನಾದದ ಮೇಲೆ ಸಣ್ಣಗೆ ಟಿಕ್. ಎರಡು ಸೆಕೆಂಡಿಗೆ ಒಂಚೂರು ಮೊದಲೇ ಮತ್ತೆ ಟಿಕ್. ಅವಳು ಬೆರಳು ಮಡಚುತ್ತ ಎಣಿಸಿದಳು. ಹದಿಮೂರು. ಎಣಿಕೆ ತಪ್ಪಿರಬೇಕು ಅಂದುಕೊಂಡು ಮೂರನೇ ಸಲ ಕೇಳಿದಳು. ಆಗಲೂ ಹದಿಮೂರೇ.

ಮಕ್ಕಳು ಬೆಳೆಯುತ್ತವೆ, ಉಗುರು ಬೆಳೆಯುತ್ತದೆ, ಸುಳ್ಳಂತೂ ನೀರು ಹಾಕದಿದ್ದರೂ ಬೆಳೆಯುತ್ತದೆ. ಆದರೆ ಒಮ್ಮೆ ಮುಗಿಸಿಕೊಟ್ಟ ಸಂಗೀತ ಮೂರು ದಿನದಲ್ಲಿ ಬೆಳೆದದ್ದನ್ನು ಅವಳು ಈ ಹತ್ತೊಂಬತ್ತು ವರ್ಷದಲ್ಲಿ ಕಂಡಿರಲಿಲ್ಲ.

ಅದು ವಿನೈಲ್ ರೆಕಾರ್ಡು ಒತ್ತುವ ಕಾರ್ಖಾನೆ. ಬಿಸಿ ಪ್ಲಾಸ್ಟಿಕ್ಕಿನ ಕಪ್ಪು ಉಂಡೆಯನ್ನು ಎರಡು ನಿಕ್ಕಲ್ ಅಚ್ಚುಗಳ ನಡುವೆ ಇಟ್ಟು ಅದುಮಿದರೆ ಅರ್ಧ ನಿಮಿಷಕ್ಕೊಂದು ಡಿಸ್ಕು. ಅದುಮುವುದು ಯಂತ್ರದ ಕೆಲಸ, ಯಂತ್ರವನ್ನು ಬೈಯುವುದು ಮೇಸ್ತ್ರಿಯ ಕೆಲಸ, ಹೊರಬಂದದ್ದನ್ನು ಕೇಳಿ ನೋಡುವುದು ಕಿವಿಯಕ್ಕನ ಕೆಲಸ. ಸ್ಪಂಜು ಹೊಡೆದ ಗೋಡೆಗಳ ಪುಟ್ಟ ಕೋಣೆ, ಪ್ರೆಸ್ಸಿನ ಕಡೆಗೆ ಒಂದು ಗಾಜಿನ ಕಿಟಕಿ, ಒಂದು ಟರ್ನ್‌ಟೇಬಲ್, ಕುಶನ್ನು ಸವೆದ ಒಂದು ಕುರ್ಚಿ. ಅವಳಿಗೆ ಹೆತ್ತವರು ಇಟ್ಟ ಹೆಸರು ಈಗ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ.

ಮೇಜಿನ ಮೇಲೊಂದು ಚೀಟಿಗಳ ಕಟ್ಟು ಇರುತ್ತದೆ. ಕೇಳುವಾಗ ಏನಾದರೂ ಕಿವಿಗೆ ಚುಚ್ಚಿದರೆ ಅದರ ನಿಮಿಷ, ಸೆಕೆಂಡು ಬರೆದುಕೊಂಡು, ಸಂಗೀತ ಮಾಡಿದವರಿಗೆ ಫೋನು ಮಾಡಿ ಒಂದೇ ಒಂದು ಪ್ರಶ್ನೆ ಕೇಳಬೇಕು. "ಇದು ನಿಮ್ಮದಾ, ನಮ್ಮದಾ?" ಅವರದಾದರೆ ಸಂಗೀತ, ಕಾರ್ಖಾನೆಯದಾದರೆ ದೋಷ. ಮೊದಲೆಲ್ಲ ಈ ಪ್ರಶ್ನೆ ವರ್ಷಕ್ಕೆ ನಾಲ್ಕು ಸಲ ಬೇಕಾಗುತ್ತಿತ್ತು. ಈಗ ಬರುವುದೆಲ್ಲ ಸುತ್ತಲಿನ ಸದ್ದನ್ನೇ ಸಂಗೀತವೆನ್ನುವ ಆ್ಯಂಬಿಯೆಂಟು, ಯಂತ್ರದ ಹಾಗೆ ಬಡಿಯುವ ಟೆಕ್ನೋ. ಒಬ್ಬ ನಲ್ಲಿ ತೊಟ್ಟಿಕ್ಕುವುದನ್ನು ಹಾಕಿರುತ್ತಾನೆ, ಇನ್ನೊಬ್ಬಳು ಲಿಫ್ಟಿನ ಗುಂಯ್‌ಗುಡುವಿಕೆಯನ್ನು ಇಪ್ಪತ್ತು ನಿಮಿಷ ಎಳೆದಿರುತ್ತಾಳೆ, ಮತ್ತೊಬ್ಬ ಮಹಾನುಭಾವ ಹಳೇ ರೆಕಾರ್ಡಿನ ಚಟಪಟವನ್ನೇ ಹೊಸ ರೆಕಾರ್ಡಿಗೆ ತುಂಬಿಸಿ ಕಳಿಸುತ್ತಾನೆ. ಇದರಲ್ಲಿ ಕಾಳು ಯಾವುದು ಜೊಳ್ಳು ಯಾವುದು ಅಂತ ಬ್ರಹ್ಮ ಬಂದರೂ ಹೇಳಲಾರ. ಅದಕ್ಕೇ ಆ ಪ್ರಶ್ನೆ.

ಈ ಡಿಸ್ಕಿಗೆ ಮಾತ್ರ ಅವಳು ಆ ಪ್ರಶ್ನೆ ಕೇಳಿರಲಿಲ್ಲ. ಯಾಕೆಂದರೆ ಇದನ್ನು ಮಾಡಿದವನು ಅವಳ ಅಳಿಯ.

ಎರಡು ವರ್ಷದ ಹಿಂದೆ ಅಳಿಯನ ಮೊದಲ ರೆಕಾರ್ಡು ಬಂದಾಗ ಕೇಳಿದ್ದಳು. ಪಾಪ, ನಿಯತ್ತಾಗಿ ಹನ್ನೊಂದು ಅನುಮಾನ ಬರೆದುಕೊಂಡು ಫೋನು ಮಾಡಿದ್ದಳು. ಹನ್ನೊಂದಕ್ಕೆ ಹನ್ನೊಂದೂ "ನಂದೇ ಅತ್ತೆ" ಅಂದಿದ್ದ. ಮುಂದಿನ ಭಾನುವಾರ ಮಗಳ ಮನೆಯಲ್ಲಿ ಊಟಕ್ಕೆ ಕೂತಾಗ ಅವನ ಅಣ್ಣ, "ಅತ್ತೆಯವರಿಗೆ ನಮ್ಮ ಹುಡುಗನ ಸಂಗೀತವೇ ಒಂದು ದೋಷವಂತೆ" ಅಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಳಿಯನೂ ನಕ್ಕ, ಆದರೆ ಆಮೇಲೆ ಎರಡು ತಿಂಗಳು ಅತ್ತೆಯ ಮನೆ ಕಡೆ ತಲೆ ಹಾಕಲಿಲ್ಲ. ಮಗಳೊಬ್ಬಳೇ ಬಂದು ಹೋಗುತ್ತಿದ್ದಳು. ಕಿವಿಯಕ್ಕ ಅಂದೇ ನಿಶ್ಚಯಿಸಿಕೊಂಡಳು, ಇನ್ನು ಅಳಿಯನ ವಿಷಯಕ್ಕೆ ಬಾಯಿಗೆ ಬೀಗ.

ಹಾಗಾಗಿ ಮಂಗಳವಾರ, ಸಂಗೀತ ಮಾಡಿದವರ ಒಪ್ಪಿಗೆಗೆಂದು ಮೊದಲು ಒತ್ತುವ ಟೆಸ್ಟ್ ಡಿಸ್ಕಿನಲ್ಲಿ ಆ ಟಿಕ್ಕು ಕೇಳಿದಾಗ ಪೆನ್ಸಿಲ್ ಎತ್ತಿದವಳು, "ಎರಡನೇ ಬದಿ, ಬೀಟು ನಿಂತ ಮೇಲೆ ಟಿಕ್, ಎಂಟು ಸಲ" ಅಂತ ಬರೆದು, ಸ್ವಲ್ಪ ಹೊತ್ತು ಯೋಚಿಸಿ, ಚೀಟಿಯನ್ನು ಮಡಚಿ ಡ್ರಾಯರಿಗೆ ಹಾಕಿದ್ದಳು. ಅನುಮಾನಕ್ಕೆ ಜಾಗವೂ ಇರಲಿಲ್ಲ ಅನ್ನಿ. ಅಳಿಯ ಈ ಸಲ ಒಂದು ಚಮತ್ಕಾರ ಮಾಡಿದ್ದ. ಡಿಸ್ಕು ಒಂದು ಸುತ್ತು ಸುತ್ತುವಷ್ಟರಲ್ಲಿ ಸರಿಯಾಗಿ ನಾಲ್ಕು ಬೀಟು ಬರುವಂತೆ ವೇಗ ಹೊಂದಿಸಿದ್ದ. ಹಾಗಾಗಿ ಡಿಸ್ಕನ್ನು ಬೆಳಕಿಗೆ ಹಿಡಿದರೆ ಬೀಟುಗಳು ಒಂದರ ಪಕ್ಕ ಒಂದು ಸಾಲಾಗಿ ಕೂತು, ಸೈಕಲ್ ಚಕ್ರದ ಕಡ್ಡಿಗಳ ಹಾಗೆ ನಾಲ್ಕು ಗೆರೆ ಕಾಣುತ್ತಿದ್ದವು. ಆ ಟಿಕ್ಕೂ ಮೊದಲನೇ ಬೀಟಿನ ಜೊತೆಗೇ ಬೀಳುತ್ತಿತ್ತು. ಬೀಟು ನಿಂತ ಮೇಲೂ ಎಂಟು ಸುತ್ತು ಒಂಟಿಯಾಗಿ ನಡೆದು ಮರೆಯಾಗುತ್ತಿತ್ತು. ತಾಳ ತಪ್ಪದೆ ಬರುವುದನ್ನು ಯಾರು ದೋಷ ಅಂದಾರು?

ಅಷ್ಟೇ ಅಲ್ಲ. ಅದು ಅವಳಿಗೆ ಇಷ್ಟವಾಗಿತ್ತು. ಮೊದಲನೇ ಬದಿಯ ಆ್ಯಂಬಿಯೆಂಟು ಕೆಟ್ಟುಹೋದ ಫ್ರಿಜ್ಜಿನ ಪಕ್ಕ ಮಲಗಿದ ಹಾಗಿತ್ತು, ಎರಡನೆಯದರ ಟೆಕ್ನೋ ಮೇಲಿನ ಮನೆಯವರು ಮೊಳೆ ಹೊಡೆದ ಹಾಗಿತ್ತು. ಆದರೆ ಆ ಎಂಟು ಟಿಕ್ಕುಗಳಲ್ಲಿ ಅವಳ ಮೈ ಜುಮ್ಮೆಂದಿತ್ತು. ಅಂತೂ ಹುಡುಗನಿಗೆ ಕೈ ಕುದುರಿತು ಅಂತ ಒಳಗೊಳಗೇ ಹಿಗ್ಗಿದ್ದಳು.

ಈಗ ಅದು ಹದಿಮೂರಾಗಿ ಕೂತಿತ್ತು.

ಅವಳು ಬೆಳಗಿನಿಂದ ಐವತ್ತಕ್ಕೊಂದರಂತೆ ತೆಗೆದಿಟ್ಟಿದ್ದ ಡಿಸ್ಕುಗಳನ್ನು ಸಾಲಾಗಿ ಜೋಡಿಸಿದಳು. ಐವತ್ತನೆಯದರಲ್ಲಿ ಎಂಟು. ನೂರೈವತ್ತನೆಯದರಲ್ಲಿ ಒಂಬತ್ತು. ಇನ್ನೂರೈವತ್ತನೆಯದರಲ್ಲಿ ಹನ್ನೊಂದು. ಈಗ ಕೇಳಿದ್ದು ಮುನ್ನೂರೈವತ್ತನೆಯದು. ಭೂತಗನ್ನಡಿ ಹಿಡಿದು ದೀಪವನ್ನು ಓರೆ ಮಾಡಿ ನೋಡಿದಳು. ಬೀಟಿನ ಕಡ್ಡಿಗೆರೆ ಮುಗಿಯುವ ಕಡೆ, ನುಣುಪಾದ ಜಾಗದಲ್ಲಿ, ಕೂದಲೆಳೆಯಷ್ಟು ಸಣ್ಣ ಗೀರು ಒಳಗಡೆಗೆ ಚಾಚಿಕೊಂಡಿತ್ತು. ಅಚ್ಚು ಬಿರುಕು ಬಿಟ್ಟಿತ್ತು. ಮಂಗಳವಾರಕ್ಕೆ ಮೊದಲೇ ಬಿಟ್ಟಿತ್ತು. ಅಳಿಯನ ಬೀಟಿನ ಗೆರೆಯೊಳಗೇ ಅಡಗಿಕೊಂಡಿದ್ದರಿಂದ ಕಣ್ಣಿಗೂ ಬೀಳಲಿಲ್ಲ. ಈಗ ಒಂದೊಂದು ಸಲ ಅದುಮಿದಾಗಲೂ ಇಷ್ಟಿಷ್ಟೇ ಬೆಳೆಯುತ್ತಿತ್ತು.

ಗಾಜಿನಾಚೆ ಪ್ರೆಸ್ಸು ಬುಸ್ಸೆಂದು ಬಾಯಿ ತೆರೆಯಿತು. ಮೇಸ್ತ್ರಿ ಇನ್ನೊಂದು ಡಿಸ್ಕು ತೆಗೆದು ಗುಡ್ಡೆಗೆ ಸೇರಿಸಿದ. ಅವಳು ಕೈಯೆತ್ತಿದರೆ ಸಾಕು, ಪ್ರೆಸ್ಸು ನಿಲ್ಲುತ್ತದೆ. ಆ ಅಧಿಕಾರ ಕಾರ್ಖಾನೆ ನಡೆಸುವ ಮೇಡಂ ಬಿಟ್ಟರೆ ಅವಳಿಗೊಬ್ಬಳಿಗೇ ಇರುವುದು. ಕೈ ಮೇಲೇಳಲಿಲ್ಲ.

ಏಳದಿದ್ದಕ್ಕೆ ಕಾರಣವಿತ್ತು. ಕಳೆದ ಮೂರು ತಿಂಗಳಲ್ಲಿ ಅವಳು ಪಾಸು ಮಾಡಿದ ಎರಡು ರೆಕಾರ್ಡು ವಾಪಸ್ಸು ಬಂದಿದ್ದವು. ಒಂದರಲ್ಲಿ ಮೋಟಾರಿನ ಗುಂಯ್, ಇನ್ನೊಂದರಲ್ಲಿ ಸುಂಯ್. ಅಂದಿನಿಂದ ಊಟದ ಕೋಣೆಯಲ್ಲಿ ಅವಳ ಕಿವಿಯ ಬಗ್ಗೆ ಗುಸುಗುಸು ಶುರುವಾಗಿತ್ತು. ಮೇಸ್ತ್ರಿ ಬೇಕೆಂತಲೇ ಅವಳ ಬೆನ್ನ ಹಿಂದೆ ವಾಷರು ಬೀಳಿಸಿ ತಿರುಗುತ್ತಾಳೋ ಇಲ್ಲವೋ ಅಂತ ನೋಡುತ್ತಿದ್ದ. ಒಮ್ಮೆ ತಿರುಗಿದಳು, ಇನ್ನೊಮ್ಮೆ ಮೊಂಡುತನಕ್ಕೆ ತಿರುಗಲಿಲ್ಲ, ಅದೇ ತಪ್ಪಾಯಿತು. ಮೇಡಂ ಕಳೆದ ವಾರ ನಯವಾಗಿಯೇ, "ಅಕ್ಕಾ, ಪ್ಯಾಕಿಂಗಲ್ಲಿ ಆರಾಮ, ಬೆಳಕೂ ಚೆನ್ನಾಗಿದೆ. ಇನ್ನೊಂದು ತಪ್ಪಾದ್ರೆ ನಂಗೂ ಬೇರೆ ದಾರಿ ಇರಲ್ಲ" ಅಂದಿದ್ದಳು. ಇದು ಆ ಇನ್ನೊಂದು. ರಟ್ಟಿನ ಪೆಟ್ಟಿಗೆಗೆ ಟೇಪು ಹಚ್ಚುತ್ತ, ತನ್ನ ಕುರ್ಚಿಯಲ್ಲಿ ಬೇರೆ ಯಾರೋ ಹೆಡ್‌ಫೋನು ಹಾಕಿಕೊಂಡು ಕೂತಿರುವುದನ್ನು ದಿನವೂ ನೋಡುವುದೆಂದರೆ, ಅದಕ್ಕಿಂತ ಮನೆಯಲ್ಲಿ ಕೂರುವುದೇ ವಾಸಿ ಅನ್ನಿಸಿತು ಅವಳಿಗೆ.

ಹನ್ನೆರಡೂವರೆಗೆ ಅಳಿಯ, ಮಗಳು ಇಬ್ಬರೂ ಬಂದರು. ಸಂಜೆ ಆರಕ್ಕೆ ರೆಕಾರ್ಡಂಗಡಿಯೊಂದರಲ್ಲಿ ಬಿಡುಗಡೆ. ಅದಕ್ಕೆ ನೂರು ಪ್ರತಿ ಕೈಯಲ್ಲೇ ಒಯ್ಯಬೇಕಿತ್ತು. ಅಳಿಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅದು ತನ್ನದಲ್ಲವೇನೋ ಎಂಬಂತೆ ಕಾಲರು ಎಳೆದುಕೊಳ್ಳುತ್ತಿದ್ದ. ಕಿವಿಯಕ್ಕ ಇಬ್ಬರನ್ನೂ ಕೋಣೆಗೆ ಕರೆದು ಬಾಗಿಲು ಹಾಕಿದಳು. ಮೂವರು ನಿಂತರೆ ಮೊಣಕೈಗೆ ಮೊಣಕೈ ತಾಗುವಷ್ಟು ಜಾಗ.

"ಒಂದು ವಿಷ್ಯ ಕೇಳ್ಬೇಕಿತ್ತು ನಿಮ್ಮನ್ನ" ಅಂದಳು. ಮಗಳ ಮದುವೆಯಾಗಿ ನಾಲ್ಕು ವರ್ಷವಾದರೂ ಅಳಿಯನಿಗೆ ಬಹುವಚನ ಬಿಟ್ಟವಳಲ್ಲ. "ಎರಡನೇ ಬದೀಲಿ ಬೀಟು ನಿಂತ್ಮೇಲೆ ಟಿಕ್ ಟಿಕ್ ಅಂತ ಬರುತ್ತಲ್ಲ, ಅದು ನಿಮ್ಮದಾ, ನಮ್ಮದಾ?"

ಅಳಿಯ ಹೆಂಡತಿಯ ಮುಖ ನೋಡಿದ. ಮಗಳು ನೆಲ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು.

"ನಂದೇ ಅತ್ತೆ" ಅಂದ ಅವನು.

"ಎಷ್ಟು ಸಲ ಹಾಕಿದ್ದೀರಿ?"

"ಹಾಂ?"

"ಎಷ್ಟು ಟಿಕ್ಕು ಹಾಕಿದ್ದೀರಿ ಅಂದೆ. ನೀವೇ ಹಾಕಿದ್ದಲ್ವಾ, ಲೆಕ್ಕ ಇರ್ಬೇಕಲ್ಲ."

"ಅದು... ಎಂಟು."

"ಮಂಗಳವಾರ ಎಂಟಿತ್ತು. ಈಗ ಹದಿಮೂರಿದೆ. ನಿಮ್ಮ ಟಿಕ್ಕು ಮರಿ ಹಾಕ್ತಿದೆಯಾ?"

ಅಳಿಯ ಕಾಲರಿನಿಂದ ಕೈ ತೆಗೆದ. ಮುಖ ಹುಳ್ಳಗಾಯಿತು. ಗಾಜಿನಾಚೆ ಪ್ರೆಸ್ಸು ಇನ್ನೊಂದು ಡಿಸ್ಕನ್ನು ಉಗುಳಿತು. ಅವಳು ಅದನ್ನೂ ಎಣಿಸಿಕೊಂಡಳು.

"ಟೆಸ್ಟ್ ಡಿಸ್ಕಲ್ಲೇ ಗೊತ್ತಾಗಿತ್ತು ಅತ್ತೆ" ಅಂದ ಅವನು ಮೆಲ್ಲಗೆ. "ನಂದಲ್ಲ ಅದು."

"ಗೊತ್ತಿದ್ದೂ ಒಪ್ಪಿಗೆ ಅಂತ ಸಹಿ ಹಾಕಿದ್ರಾ?"

ಉತ್ತರ ಕೊಟ್ಟವಳು ಮಗಳು. "ನಾನೇ ಹಾಕಿಸ್ದೆ ಅಮ್ಮ. ಇದು ಮೂರನೇದಾಗುತ್ತೆ, ನಿನ್ನ ಕಿವಿ ಹೋಯ್ತು ಅಂತ ನಿನ್ನ ಎಬ್ಬಿಸಿಬಿಡ್ತಾರೆ ಅಂತ. ಹೇಗೂ ಬೀಟಿಗೆ ಸರಿಯಾಗಿ ಬೀಳುತ್ತೆ, ಯಾರಿಗೂ ತಿಳಿಯಲ್ಲ ಅಂದೆ. ಇವ್ರು ಎರಡು ರಾತ್ರಿ ನಿದ್ದೆ ಮಾಡ್ಲಿಲ್ಲ ಗೊತ್ತಾ, ಆದ್ರೂ ಸಹಿ ಹಾಕಿದ್ರು."

ಕಿವಿಯಕ್ಕನಿಗೆ ಮೊದಲು ಕಣ್ಣು ತುಂಬಿ ಬಂತು, ಹಿಂದೆಯೇ ಮೈಯೆಲ್ಲ ಉರಿದುಹೋಯಿತು. ಡ್ರಾಯರು ಎಳೆದು ಮಡಚಿದ್ದ ಚೀಟಿಯನ್ನು ತೆಗೆದು ಮೇಜಿನ ಮೇಲೆ ಬಡಿದಳು.

"ಓದು. ಮಂಗಳವಾರದ ತಾರೀಕು. ಎಂಟು ಸಲ ಅಂತ ಬರೆದಿದ್ದೀನಿ. ನನ್ನ ಕಿವಿಗೇನಾಗಿದೆ? ನಾನು ಕೇಳಿಸ್ಕೊಂಡೆ!"

ಮಗಳು ಓದಿದಳು, ಗಂಡನಿಗೆ ಕೊಟ್ಟಳು, ಅವನೂ ಓದಿದ.

"ಕೇಳಿಸ್ತಾ?" ಅಂದಳು ಮಗಳು. "ಮತ್ತೆ ಇವ್ರನ್ನ ಯಾಕೆ ಕೇಳ್ಲಿಲ್ಲ?"

ಆ ಮಾತಿಗೆ ಕಿವಿಯಕ್ಕನ ಬಳಿ ಇದ್ದ ಉತ್ತರ ಚಿಕ್ಕದು. ಅಳಿಯನಿಗೆ ನೋವಾದೀತು ಅಂತ. ಅಳಿಯನ ಉತ್ತರವೂ ಅದೇ, ಅತ್ತೆಗೆ ನೋವಾದೀತು ಅಂತ. ಇಬ್ಬರೂ ಒಬ್ಬರನ್ನೊಬ್ಬರು ಗಾಜಿನ ಲೋಟದ ಹಾಗೆ ಜೋಪಾನ ಮಾಡಿದ್ದರ ಫಲ, ಆಚೆ ಕಡೆ ಮುನ್ನೂರ ತೊಂಬತ್ತು ಕೆಟ್ಟ ಡಿಸ್ಕುಗಳ ಗುಡ್ಡೆಯಾಗಿ ನಿಂತಿತ್ತು. ಅವಳು ಕಿಟಕಿಯ ಮುಂದೆ ಹೋಗಿ ಕೈಯೆತ್ತಿದಳು.

ಪ್ರೆಸ್ಸು ನಿಂತಿತು. ಬೆಳಗಿನಿಂದ ಬಡಿಯುತ್ತಿದ್ದ ಸದ್ದು ಒಮ್ಮೆಲೇ ಇಲ್ಲವಾಗಿ, ಇಡೀ ಕಾರ್ಖಾನೆ ಉಸಿರು ಹಿಡಿದ ಹಾಗಾಯಿತು. ಮೇಸ್ತ್ರಿ ಕೈಗವಸು ಬಿಚ್ಚುತ್ತ ಕೋಣೆಯ ಕಡೆ ಬಂದ. ಸದ್ದು ನಿಂತದ್ದನ್ನು ಕೇಳಿ ಮಹಡಿಯಿಂದ ಮೇಡಂ ಕೂಡ ಇಳಿದು ಬಂದಳು.

ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳುತ್ತಿದ್ದಂತೆ ಅಳಿಯ ಅವಸರವಾಗಿ ಪಿಸುಗುಟ್ಟಿದ. "ಅತ್ತೆ, ನಾನು ನಂದೇ ಅಂತೀನಿ. ಸಂಗೀತ ಅದು ಅಂದ್ರೆ ಮುಗೀತು, ಯಾರು ಏನು ಮಾಡಕ್ಕಾಗುತ್ತೆ? ಮುನ್ನೂರ ತೊಂಬತ್ತೇ ಸಾಕು, ಮಿಕ್ಕಿದ್ದು ಬೇಡ ಅಂತೀನಿ. ಸಂಜೆ ಕೆಲಸಾನೂ ಆಗುತ್ತೆ. ನಿಮ್ಮ ಕುರ್ಚೀನೂ ಉಳಿಯುತ್ತೆ."

"ಸುಮ್ನಿರಮ್ಮ, ಒಪ್ಕೋ" ಅಂದಳು ಮಗಳು.

ನಿಜ ಹೇಳಬೇಕೆಂದರೆ, ಕಿವಿಯಕ್ಕನಿಗೆ ಆಸೆಯಾಯಿತು. ಆಸೆ ಯಾರಪ್ಪನ ಮನೆಯದು? ಬೀಟಿಗೆ ಬೀಟು ಕೂಡಿ ಬರುವ ಟಿಕ್ಕು. ಕೊಳ್ಳುವವರು ಆಹಾ ಅಂತ ತಲೆದೂಗುತ್ತಾರೆ. ಲೋಕದಲ್ಲಿ ಮೂರೇ ಜನಕ್ಕೆ ಗೊತ್ತಿರುವ ಸಂಗತಿ, ಆ ಮೂವರೂ ಒಂದೇ ಮನೆಯವರು. ಅಷ್ಟರಲ್ಲಿ ಬಾಗಿಲು ತೆರೆಯಿತು.

"ಯಾಕಕ್ಕಾ ನಿಲ್ಲಿಸಿದ್ದು?" ಅಂದಳು ಮೇಡಂ.

ಕಿವಿಯಕ್ಕ ಹೆಡ್‌ಫೋನಿನ ವಯರು ಕಿತ್ತು, ಡಿಸ್ಕನ್ನು ಸ್ಪೀಕರಿಗೆ ಹಾಕಿದಳು. ಬೀಟು ಧಬಧಬ ಬಡಿದು ನಿಂತಿತು. ಗಾಳಿಯಂಥ ನಾದ ಉಳಿಯಿತು. ಟಿಕ್. ಮೇಡಂ ತಲೆ ಓರೆ ಮಾಡಿದಳು. ಟಿಕ್. ಮೇಸ್ತ್ರಿ ಬಾಗಿಲಿಗೆ ಒರಗಿ ಕಣ್ಣು ಕಿರಿದು ಮಾಡಿದ. ಹದಿಮೂರು ಟಿಕ್ಕುಗಳೂ ಮುಗಿದವು.

"ಚೆನ್ನಾಗಿದೆಯಲ್ಲ" ಅಂದಳು ಮೇಡಂ. ಅಳಿಯನ ಕಡೆ ತಿರುಗಿದಳು. "ಇದು ನೀವು ಹಾಕಿದ್ದಾ?"

ಅಳಿಯ ಬಾಯಿ ತೆರೆದ. ಹೂಂ ಅನ್ನುವುದಕ್ಕೆ ತುಟಿ ಸಿದ್ಧವಾಗಿತ್ತು.

"ಅವ್ರದ್ದಲ್ಲ, ನಮ್ಮದು" ಅಂದಳು ಕಿವಿಯಕ್ಕ. "ಅಚ್ಚು ಬಿರುಕು ಬಿಟ್ಟಿದೆ. ಐವತ್ತನೇ ಡಿಸ್ಕಿಂದ ಇಲ್ಲೀವರೆಗೆ ಬೆಳೀತಾ ಬಂದಿದೆ, ಎಲ್ಲಾ ಜೋಡಿಸಿಟ್ಟಿದ್ದೀನಿ ನೋಡಿ. ಟೆಸ್ಟ್ ಡಿಸ್ಕಲ್ಲೂ ಇತ್ತು."

ಮೇಸ್ತ್ರಿ ಭೂತಗನ್ನಡಿ ಕಸಿದುಕೊಂಡು ನೋಡಿ, "ಅಯ್ಯೋ ನಿನ್ನ!" ಅಂತ ಅಚ್ಚನ್ನೇ ಬೈದ.

ಮೇಡಂ ಮುಖ ಗಂಟಿಕ್ಕಲಿಲ್ಲ. ಕನಿಕರದ ದನಿಯಲ್ಲಿ, "ಟೆಸ್ಟಲ್ಲಿ ನಿಮಗೆ ಕೇಳಿಸ್ಲಿಲ್ಲ ಅಲ್ವಾ ಅಕ್ಕಾ?" ಅಂದಳು.

ಅಲ್ಲೇ ತಪ್ಪಿಸಿಕೊಳ್ಳಲು ಇನ್ನೊಂದು ಬಾಗಿಲು ತೆರೆದಿತ್ತು. ಕೇಳಿಸಲಿಲ್ಲ ಅಂದರೆ ಆಯಿತು, ವಯಸ್ಸಾಯಿತು ಪಾಪ ಅನ್ನುತ್ತಾರೆ, ಡಾಕ್ಟರ ಹತ್ತಿರ ಕಳಿಸುತ್ತಾರೆ. ತಪ್ಪನ್ನು ಕಿವಿಯ ಮೇಲೆ ಹಾಕಿದರೆ ಮಾನವಾದರೂ ಉಳಿಯುತ್ತದೆ. ಅಳಿಯನ ಕೈಯಲ್ಲಿ ಆ ಚೀಟಿ ಇತ್ತು. ಅವನು ಅದನ್ನು ಮೆಲ್ಲಗೆ ಮುಷ್ಟಿಯೊಳಗೆ ಮುದುರಿಕೊಳ್ಳುತ್ತಿದ್ದ.

ಅವಳು ಅವನ ಮುಷ್ಟಿ ಬಿಡಿಸಿ ಚೀಟಿಯನ್ನು ತೆಗೆದು ಮೇಡಂಗೆ ಕೊಟ್ಟಳು.

"ಕೇಳಿಸ್ತು. ಬರ್ಕೊಂಡೆ. ಅಳಿಯಂದ್ರಲ್ವಾ ಅಂತ ಕೇಳೋಕೆ ಹೋಗ್ಲಿಲ್ಲ."

ಮೇಡಂ ಚೀಟಿಯನ್ನು ಎರಡು ಸಲ ಓದಿದಳು. ಈಗ ಅವಳ ಮುಖ ಬದಲಾಯಿತು.

"ಕಿವಿ ಹೋಗಿದ್ರೆ ಮಿಷನ್ನು ಹಾಕಿಸಿ ಇದೇ ಕುರ್ಚೀಲಿ ಕೂರಿಸ್ತಿದ್ದೆ ಅಕ್ಕಾ. ದೇವರಾಣೆ ಕೂರಿಸ್ತಿದ್ದೆ" ಅಂದಳು. "ಕಿವಿ ಇದ್ದೂ ಬಾಯಿ ಮುಚ್ಕೊಂಡ್ರಲ್ಲ, ಅದಕ್ಕೆ ನಾನೇನು ಮಾಡ್ಲಿ? ನಾಳೆ ಯಾರೋ ಪರಿಚಯದವ್ರದ್ದು ಬರುತ್ತೆ, ಆಗ್ಲೂ ಹೀಗೇನಾ? ಸೋಮವಾರದಿಂದ ಪ್ಯಾಕಿಂಗಿಗೆ ಹೋಗಿ."

ಕಿವಿಯಕ್ಕ ತಲೆಯಾಡಿಸಿದಳು. ಎದುರು ಮಾತಾಡಲು ಏನೂ ಇರಲಿಲ್ಲ, ಮೇಡಂ ಹೇಳಿದ್ದು ಅಕ್ಷರಕ್ಕಕ್ಷರ ಸರಿಯಾಗಿತ್ತು. ಸರಿಯಾದ ಮಾತು ನೋಯಿಸಬಾರದು ಅಂತ ಎಲ್ಲೂ ಬರೆದಿಲ್ಲವಲ್ಲ, ಅದು ಬಹಳ ನೋಯಿಸಿತು.

ಮುನ್ನೂರ ತೊಂಬತ್ತೂ ಅರೆಯುವ ಯಂತ್ರಕ್ಕೆ ಹೋದವು. ಬೇರೆ ಅಚ್ಚು ತಯಾರಾಗಲು ಮೂರು ವಾರ ಬೇಕು. ಮಗಳು ಅಂಗಳಕ್ಕೆ ಹೋಗಿ ರೆಕಾರ್ಡಂಗಡಿಯವರಿಗೆ ಫೋನಿನಲ್ಲಿ ಸಮಜಾಯಿಷಿ ಹೇಳತೊಡಗಿದಳು. ಇವತ್ತು ಬರೀ ರೆಕಾರ್ಡಿನ ಹೊದಿಕೆ ತೋರಿಸುತ್ತೇವೆ, ಹಾಡು ಕಂಪ್ಯೂಟರಿನಿಂದ ಕೇಳಿಸುತ್ತೇವೆ, ದಯವಿಟ್ಟು ಬಂದವರನ್ನು ವಾಪಸ್ಸು ಕಳಿಸಬೇಡಿ. ಡಿಸ್ಕುಗಳು ಒಂದೊಂದಾಗಿ ಕಟಕಟ ಮುರಿದು ಕಪ್ಪು ನುಚ್ಚಾಗುವುದನ್ನು ಅಳಿಯ ಕೈಕಟ್ಟಿಕೊಂಡು ನೋಡಿದ. ಆಮೇಲೆ ಕೋಣೆಗೆ ವಾಪಸ್ಸು ಬಂದ. ಕಿವಿಯಕ್ಕ ಡ್ರಾಯರಿನಲ್ಲಿದ್ದ ತನ್ನ ಕನ್ನಡಕ, ಬಾಚಣಿಗೆ, ಗಂಟಲಿನ ಗುಳಿಗೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ಅತ್ತೆ" ಅಂದ. "ಟಿಕ್ಕು ಬಿಡಿ. ರೆಕಾರ್ಡು ಹೇಗಿದೆ?"

ನಾಲ್ಕು ವರ್ಷದಲ್ಲಿ ಅವನು ಈ ಪ್ರಶ್ನೆ ಕೇಳಿರಲಿಲ್ಲ, ಅವಳು ಹೇಳಲು ಹೋಗಿರಲಿಲ್ಲ. ಚೆನ್ನಾಗಿದೆ ಅನ್ನುವ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೇ ಬಂತು. ಅದನ್ನು ನುಂಗಿಕೊಂಡಳು. ಅಳಿಯನಿಗಾಗಿ ಕೇಳಬೇಕಾದ ಮಾತನ್ನು ನುಂಗಿದ್ದರ ಬೆಲೆ ತೆತ್ತು ಇನ್ನೂ ಒಂದು ಗಂಟೆ ಆಗಿರಲಿಲ್ಲ.

"ಹೇಳ್ಲಾ?"

"ಹೇಳಿ."

"ನಂಗೆ ಆ ರೆಕಾರ್ಡಲ್ಲಿ ಇಷ್ಟ ಆಗಿದ್ದೇ ಆ ಟಿಕ್ಕು. ಅಳಿಯಂದ್ರು ಹಾಕಿದ್ದು ಅಂತ ಮೂರು ದಿನ ಹೆಮ್ಮೆ ಪಟ್ಕೊಂಡು ಓಡಾಡ್ದೆ."

ಅಳಿಯ ಹೊಡೆತ ತಿಂದವನ ಹಾಗೆ ನಿಂತ. ಅವನ ಮುಖ ಕೆಂಪಾಗಿ, ಆಮೇಲೆ ಬಣ್ಣ ಇಳಿಯಿತು. ಎರಡು ತಿಂಗಳೋ, ಎರಡು ವರ್ಷವೋ, ಈ ಸಲ ಎಷ್ಟು ದಿನ ಮುಖ ತೋರಿಸದೆ ಇರುತ್ತಾನೋ ಅಂದುಕೊಳ್ಳುತ್ತ ಅವಳು ಚೀಲದ ಜಿಪ್ಪು ಎಳೆದಳು.

ಅವನು ಹೋಗಲಿಲ್ಲ. ಮೇಜಿನ ಮೇಲೆ ಉಳಿದಿದ್ದ ಟೆಸ್ಟ್ ಡಿಸ್ಕನ್ನು ಎತ್ತಿ ಟರ್ನ್‌ಟೇಬಲ್ಲಿನ ಮೇಲಿಟ್ಟ. ಅವಳ ಚೀಟಿಕಟ್ಟು, ಪೆನ್ಸಿಲ್ ತೆಗೆದುಕೊಂಡು ಗೋಡೆಗೊರಗಿ ನೆಲದ ಮೇಲೆ ಕೂತ.

"ಎಲ್ಲೆಲ್ಲಿ ಬೇಜಾರಾಯ್ತು, ತೋರಿಸಿ" ಅಂದ. "ಮೊದ್ಲಿಂದ."

ಕಿವಿಯಕ್ಕ ಚೀಲ ಕೆಳಗಿಟ್ಟು, ಸೋಮವಾರದವರೆಗೂ ತನ್ನದೇ ಆಗಿದ್ದ ಆ ಕುರ್ಚಿಯಲ್ಲಿ ಕೂತು, ಸೂಜಿಯನ್ನು ಮೊದಲನೇ ಗೆರೆಯ ಮೇಲೆ ಇಳಿಸಿದಳು.

"ಇಲ್ಲಿಂದ್ಲೇ ಬರ್ಕೊಳ್ಳಿ" ಅಂದಳು.